ಹುಡುಕುವ ಕಿಟಕಿಯೊಂದೇ ಸಾಲದು

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಹಳೆಯ ಕಾಗದಪತ್ರ ಹುಡುಕುತ್ತ ನೀವು ಆ ಹೆಸರನ್ನೇ ಟೈಪ್ ಮಾಡಿದರೆ, ಮೊದಲ ವರ್ಷಗಳ ದಾಖಲೆ ಕೈತಪ್ಪಬಹುದು. 1915ರಲ್ಲಿ ಹುಟ್ಟಿದಾಗ ಅದು ‘ಕರ್ಣಾಟಕ ಸಾಹಿತ್ಯ ಪರಿಷತ್ತು’. ಹೆಸರಷ್ಟೇ ಅಲ್ಲ, ಕಾಗುಣಿತವೂ ಬೇರೆ: ‘ಕರ್ನಾಟಕ’ ಎಂದು ನಾವೀಗ ನಕಾರ ಬರೆಯುವಲ್ಲಿ ಆಗ ಣಕಾರ. ಯಂತ್ರಕ್ಕೆ ಒಂದಕ್ಷರ ಬದಲಾದರೂ ಪದವೇ ಬೇರೆ. ಆದ್ದರಿಂದ ದಾಖಲೆಸೂಚಿಯ ಪುಟದಲ್ಲಿ ಸಂಗ್ರಹ, ಪೆಟ್ಟಿಗೆ, ಕಡತ, ಹಾಳೆ ಎಂಬ ಮೆಟ್ಟಿಲುಗಳು ಕಾಣುತ್ತಲೇ ಇರಬೇಕು. ಗೂಗಲ್‌ನಿಂದ ನೇರ ನಡುಪುಟಕ್ಕೆ ಬಂದವರಿಗೂ ತಾವೆಲ್ಲಿದ್ದೇವೆಂದು ತಿಳಿಯಬೇಕು.

ಮೊಬೈಲಿನಲ್ಲಿ ಇಷ್ಟೆಲ್ಲ ಹಿಡಿಸದು ಅನ್ನುವವರಿದ್ದಾರೆ. ಖಂಡಿತ ಹಿಡಿಸುತ್ತದೆ: ಮೇಲೆ ಒಂದೇ ಸಾಲಿನ ದಾರಿ, ಕೆಳಗೆ ಮುಟ್ಟಿದಾಗ ಬಿಚ್ಚಿಕೊಳ್ಳುವ ಪಟ್ಟಿ, ಅಷ್ಟು ಸಾಕು. ಇಂಥ ಮೆಟ್ಟಿಲುಗಳು ಹೊಸವೇನಲ್ಲ: ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸಾವಿರಾರು ಶಾಸನಗಳನ್ನು ಜಿಲ್ಲೆ, ತಾಲೂಕು, ಸಂಖ್ಯೆ ಎಂದು ಜೋಡಿಸಿದರು, ಸಂಶೋಧಕರು ಇಂದಿಗೂ ಆ ಸಂಖ್ಯೆ ಹಿಡಿದೇ ಶಾಸನ ತಲುಪುತ್ತಾರೆ.