ಜರಡಿಯಿಂದ ಹೊರಟ ಪದ

ಸುಗ್ಗಿಯ ಕಾಲದಲ್ಲಿ ಬೈರಾಪಟ್ಟಣವೆಂಬ ಹಳ್ಳಿಯ ಕಣದಂಚಿನಲ್ಲಿ ನಿಂತು, ತೂರಿದ ರಾಗಿಯನ್ನು ಹೆಂಗಸರು ಮೊರದಲ್ಲಿ ಕೇರಿ, ಜರಡಿಯಾಡಿಸಿ, ಕಾಳಿನಿಂದ ಕಲ್ಲುಹೊಟ್ಟುಗಳನ್ನು ಬೇರ್ಪಡಿಸುವುದನ್ನು ಕಂಡವರಿಗೆ ಇಂಗ್ಲಿಷಿನ ‘ಡಿಸ್ಕ್ರಿಮಿನೇಷನ್’ ಎಂಬ ಪದದ ಮೂಲಾರ್ಥವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಲ್ಯಾಟಿನ್ ಭಾಷೆಯ ‘ಕೆರ್ನೆರೆ’ ಎಂದರೆ ಜರಡಿ ಹಿಡಿಯುವುದು. ‘ಡಿಸ್’ ಎಂದರೆ ಬೇರೆ ಬೇರೆಯಾಗಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದ ಸದಸದ್ವಿವೇಕಕ್ಕೆ ಸಲ್ಲುವ ಹೆಸರಾಗಿದ್ದಿತು. ವಿಮರ್ಶಕನನ್ನು ಹೇಳುವ ‘ಕ್ರಿಟಿಕ್’ ಕೂಡ, ಗ್ರೀಕಿನ ದಾರಿಯಾಗಿ ಬಂದ, ಇದೇ ಧಾತುವಿನ ಬಂಧು. ಗುಲಾಮಗಿರಿ ರದ್ದಾದ ಮೇಲೆಯೂ ಕಪ್ಪು ಜನರನ್ನು ಬೇರೆಯಾಗಿಯೇ ನಡೆಸಿಕೊಂಡ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ‘ಡಿಸ್ಕ್ರಿಮಿನೇಷನ್’ ಪದಕ್ಕೆ ಅನ್ಯಾಯದ ಅರ್ಥ ಬಲವಾಗಿ ಅಂಟಿಕೊಂಡಿತು.

ನಮ್ಮ ‘ತಾರತಮ್ಯ’ದ ಕಥೆಯೂ ಹೆಚ್ಚು ಭಿನ್ನವಲ್ಲ. ಲಘುತರ, ಲಘುತಮ ಎಂಬಲ್ಲಿಯ ತರ, ತಮ ಪ್ರತ್ಯಯಗಳು ಕೂಡಿ ಹುಟ್ಟಿದ ಈ ಶಬ್ದ ಮಧ್ವಸಿದ್ಧಾಂತದಲ್ಲಿ ಜೀವರ ಶ್ರೇಣಿಯನ್ನು ಹೇಳುವ ಪಾರಿಭಾಷಿಕ ಪದ. ‘ತಾರತಮ್ಯಜ್ಞಾನವುಳ್ಳವರು’ ಎಂದರೆ ಹಿರಿಯರ ಬಾಯಲ್ಲಿ ಮೆಚ್ಚುಗೆಯೇ ಸರಿ.

ಆದರೆ ‘ಪಂಕ್ತಿಭೇದ’ ಎಂಬ ಮಾತು ಇವೆರಡಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ತಟ್ಟುತ್ತದೆ. ಅದು ಜರಡಿ ಹಿಡಿದವರ ಮಾತಲ್ಲ. ಒಂದೇ ಸಾಲಿನಲ್ಲಿ ಕುಳಿತು, ಪಕ್ಕದ ಎಲೆಗೆ ತುಪ್ಪ ಬಿದ್ದುದನ್ನೂ ತನ್ನ ಎಲೆಗೆ ಬೀಳದುದನ್ನೂ ಮೌನವಾಗಿ ನೋಡಿದವನ ನೋವನ್ನು ಬಲ್ಲ ಮಾತು. ಮೈಸೂರು ಸಂಸ್ಥಾನದ ಉದ್ಯೋಗಗಳಲ್ಲಿ ಇಂಥ ಪಂಕ್ತಿಭೇದವಿದೆಯೆಂದು ಹಿಂದುಳಿದ ವರ್ಗಗಳವರು ಮೊರೆಯಿಡಲು, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ, 7 ವರ್ಷಗಳೊಳಗೆ ಆ ವರ್ಗಗಳಿಗೆ ದೊರೆಯಬೇಕೆಂದು ಅದು ಸಲಹೆಯಿತ್ತಿತು. ಉದ್ಯೋಗಕ್ಕೆ ಆರಿಸುವ ಪರೀಕ್ಷೆಯೆಂಬ ಜರಡಿ ಎಷ್ಟೇ ಸಮವಾಗಿದ್ದರೂ, ಕಣದವರೆಗೆ ಬರಲು ದಾರಿಯೇ ಇಲ್ಲದ ಕಾಳನ್ನು ಅದು ಹೇಗೆ ಆರಿಸೀತು?

ಬೈರಾಪಟ್ಟಣದ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ಸದಸ್ಯರಾಗಿದ್ದ ಸಂವಿಧಾನಸಭೆ, 15ನೆಯ ಅನುಚ್ಛೇದದಲ್ಲಿ, ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಎಂಬ ಕಾರಣಮಾತ್ರದಿಂದಲೇ ರಾಜ್ಯವು ಯಾವ ಪ್ರಜೆಗೂ ತಾರತಮ್ಯವೆಸಗಕೂಡದೆಂದು ವಿಧಿಸಿತು. 1951ರ ಮೊದಲ ತಿದ್ದುಪಡಿ ಅದೇ ಅನುಚ್ಛೇದಕ್ಕೆ ಇನ್ನೊಂದು ಖಂಡವನ್ನು ಸೇರಿಸಿ, ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದವರನ್ನು ಗುರುತಿಸಿ ವಿಶೇಷ ಏರ್ಪಾಡು ಮಾಡಲು ರಾಜ್ಯಕ್ಕೆ ಅಧಿಕಾರವಿತ್ತಿತು. ಹೀಗೆ ‘ತಾರತಮ್ಯ’ ಎಂಬ ಪದದ ಹಳೆಯ ವಿವೇಕಾರ್ಥವೂ ಹೊಸ ದೋಷಾರ್ಥವೂ ಒಂದೇ ಅನುಚ್ಛೇದದೊಳಗೆ ಅಕ್ಕಪಕ್ಕದಲ್ಲಿ ಕುಳಿತಿವೆ.