ಪ್ರಸ್ತಾರವೂ ಎಂಟ್ರೊಪಿಯೂ

ರಸಾಯನಶಾಸ್ತ್ರದ ಎಂಟ್ರೊಪಿ ಎಂಬ ಪದಕ್ಕೆ ‘ಅವ್ಯವಸ್ಥೆ’ ಎಂದು ಅರ್ಥ ಹೇಳುವುದು ರೂಢಿಯಾಗಿದೆ. ಈ ಅರ್ಥವು ಲಕ್ಷಣಕ್ಕೆ ಸಾಲದು. ಅವ್ಯವಸ್ಥೆಯು ನೋಡುವವನ ಬುದ್ಧಿಯನ್ನು ಅವಲಂಬಿಸಿದುದು. ಎಂಟ್ರೊಪಿಯಾದರೋ ಎಣಿಕೆಗೆ ಒಳಪಟ್ಟುದು. ಜರ್ಮನ್ ವಿದ್ವಾಂಸನಾದ ಕ್ಲಾಸಿಯಸನು ಪರಿವರ್ತನವಾಚಕವಾದ ಗ್ರೀಕ್ ಶಬ್ದದಿಂದ 1865ರಲ್ಲಿ ಈ ಪದವನ್ನು ನಿರ್ಮಿಸಿದನು. 1877ರಲ್ಲಿ ಆಸ್ಟ್ರಿಯದ ಬೋಲ್ಟ್ಸ್‌ಮನ್ನನು ಅದನ್ನು ಕಣವಿನ್ಯಾಸಗಳ ಸಂಖ್ಯೆಯೊಡನೆ ಸಂಬಂಧಿಸಿದನು.

ಛಂದಶ್ಶಾಸ್ತ್ರವನ್ನು ಬಲ್ಲವರಿಗೆ ಈ ಬಗೆಯ ಎಣಿಕೆಯು ಅಪರಿಚಿತವಲ್ಲ. ನಾಲ್ಕು ಅಕ್ಷರಗಳ ಪಾದವನ್ನು ಪ್ರಸ್ತರಿಸಿದರೆ 16 ಭೇದಗಳು ದೊರೆಯುವುವು. ಅವುಗಳಲ್ಲಿ ಸರ್ವಗುರುವು 1. ಎರಡು ಗುರು, ಎರಡು ಲಘುಗಳುಳ್ಳವು 6. ಗುರುಗಳೆಷ್ಟೆಂಬುದು ಸ್ಥೂಲಸ್ಥಿತಿ, ಅವು ಯಾವ ಸ್ಥಾನಗಳಲ್ಲಿವೆಯೆಂಬುದು ಸೂಕ್ಷ್ಮವಿನ್ಯಾಸ. ಕವಿಯು ಭೇದಗಳಲ್ಲೊಂದನ್ನು ಆರಿಸಿಕೊಳ್ಳುವನು, ಕಣಗಳಿಗೆ ಆರಿಸುವವರಿಲ್ಲ. ಹೊರಗಿನ ಸಂಪರ್ಕವಿಲ್ಲದ ವಸ್ತುವಿನಲ್ಲಿ ಸಮಾನಶಕ್ತಿಯ ವಿನ್ಯಾಸಗಳೆಲ್ಲವೂ ಸಮಸಂಭವವೆಂದು ಗ್ರಹಿಸುವರು. ಆದುದರಿಂದ ಯಾವ ಸ್ಥಿತಿಗೆ ವಿನ್ಯಾಸಗಳು ಹೆಚ್ಚೋ ಆ ಸ್ಥಿತಿಯೇ ಪ್ರಾಯಶಃ ಕಾಣುವುದು. ಆ ವಿನ್ಯಾಸಸಂಖ್ಯೆಯ ಸಹಜ ಲಾಗರಿದಮನ್ನು ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಗುಣಿಸಿದರೆ ಬರುವುದೇ ಎಂಟ್ರೊಪಿ. ಲಾಗರಿದಮೇಕೆಂದರೆ, ಎರಡು ವಸ್ತುಗಳನ್ನು ಒಟ್ಟಾಗಿ ಪರಿಗಣಿಸುವಾಗ ವಿನ್ಯಾಸಸಂಖ್ಯೆಗಳನ್ನು ಗುಣಿಸಬೇಕಾಗುವುದು, ಎಂಟ್ರೊಪಿಗಳನ್ನು ಕೂಡಿಸಬೇಕಾಗುವುದು. ಗುಣಾಕಾರವನ್ನು ಸಂಕಲನವಾಗಿಸುವುದು ಲಾಗರಿದಮಿನ ಧರ್ಮ.

ಇದಕ್ಕೆ ಪ್ರಯೋಗದ ಸಾಕ್ಷ್ಯವೂ ಉಂಟು. ಕಾರ್ಬನ್ ಮೊನಾಕ್ಸೈಡ್ ಅಣುವಿನ ಎರಡು ತುದಿಗಳು ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ, ಹರಳುಗಟ್ಟುವಾಗ ಅದು ಹೀಗೂ ನಿಲ್ಲಬಹುದು, ತಿರುಗುಮುರುಗಾಗಿಯೂ ನಿಲ್ಲಬಹುದು. ಇನ್ನೂ ತಣಿದ ಮೇಲೆ ತಿರುಗಲಾರದು. ಲಘುಗುರುಗಳಂತೆ ಪ್ರತಿಯೊಂದು ಅಣುವಿಗೂ ಎರಡು ಬಗೆ. ಒಂದು ಮೋಲ್ ಹರಳೆಂದರೆ ಸುಮಾರು 6.022 × 10²³ ಅಕ್ಷರಗಳ ಪಾದವೆನ್ನಬಹುದು. ಪೂರ್ಣಪ್ರಸ್ತಾರದ ಲೆಕ್ಕದಂತೆ, ನಿರಪೇಕ್ಷ ಶೂನ್ಯದ ಸಮೀಪದಲ್ಲಿಯೂ ಒಂದು ಮೋಲಿಗೆ, ಒಂದು ಕೆಲ್ವಿನ್ನಿಗೆ 5.76 ಜೂಲ್ ಎಂಟ್ರೊಪಿಯು ಉಳಿಯಬೇಕು. ಶಾಖಮಾಪನದ ಫಲವನ್ನು ವರ್ಣಪಟಲದಿಂದ ಪಡೆದ ಗಣನೆಯೊಡನೆ ಹೋಲಿಸಿದಾಗ ಕಂಡುದು ಸುಮಾರು 4.6. ಅಣುಗಳ ದಿಕ್ಕುಗಳು ಸಂಪೂರ್ಣವಾಗಿ ಯಾದೃಚ್ಛಿಕವಲ್ಲವೆಂದು ಈ ಕೊರತೆಯಿಂದ ಊಹಿಸುವರು.

ಇಂತಹ ಹರಳಿನಲ್ಲಿ ಕಣ್ಣಿಗೆ ಅವ್ಯವಸ್ಥೆಯ ಕುರುಹೇ ತೋರದು; ಎಣಿಕೆಗೆ ಮಾತ್ರ ಅದರ ಎಂಟ್ರೊಪಿ ಸಿಕ್ಕುವುದು. ಆದುದರಿಂದ ಪಾಠ ಹೇಳುವವರು ಎಂಟ್ರೊಪಿಯೆಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ‘ವಿನ್ಯಾಸಬಾಹುಳ್ಯದ ಅಳತೆ’ ಎಂದು ವಿವರಿಸುವುದು ಲೇಸು. ಪ್ರಸ್ತಾರವನ್ನು ಬಲ್ಲ ವಿದ್ಯಾರ್ಥಿಗೆ ಈ ವಿವರಣೆಯು ಕ್ಲಿಷ್ಟವಾಗಲಾರದು.