ಹಲಗೆಗೆ ಬೆಂಕಿಯ ಕಾವು ಏಕೆ?

ಪ್ರಶ್ನೆ: ಹೋಳಿಯಲ್ಲಿ ಚರ್ಮದ ಹಲಗೆಯನ್ನು ಆಗಾಗ ಬೆಂಕಿಗೆ ಕಾಯಿಸುತ್ತಾರೆ. ಫೈಬರ್ ಹಲಗೆಗೆ ಅದು ಬೇಡ; ದನಿಯೂ ಬೇರೆ. ಏಕೆ?
– ಓದುಗರೊಬ್ಬರು, ನರಗುಂದ

ಉತ್ತರ: ಗುಟ್ಟಿರುವುದು ತೊಗಲಿನಲ್ಲಿ. ಅದು ಗಾಳಿಯ ತೇವ ಹೀರುತ್ತದೆ. ಎಳೆಗಳು ಸಡಿಲಾಗಿ, ತೂಕವೂ ಏರಿ ದನಿ ಮಂಕಾಗುತ್ತದೆ. ರೋಣ, ಗಜೇಂದ್ರಗಡದ ಓಣಿಗಳಲ್ಲೂ ಬಾರಿಸುವವರು ಉರಿಯ ಮುಂದೆ ಹಲಗೆ ತಿರುಗಿಸುತ್ತ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ತೇವ ಆರಿ ತೊಗಲು ಬಿಗಿದಂತೆ ಶ್ರುತಿ ಏರುತ್ತದೆ. ಬಿಗಿತ ನಾಲ್ಕು ಪಟ್ಟಾದರೆ ಕಂಪನ ಸಂಖ್ಯೆ ಎರಡು ಪಟ್ಟು. ಕಾವು ಮಿತಿಮೀರಿದರೆ ತೊಗಲು ಹರಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಅನುಭವದ ವಿದ್ಯೆ.

ನಾವು ಫೈಬರ್ ಎನ್ನುವುದು ಪ್ಲಾಸ್ಟಿಕ್ ಹಾಳೆ. ಡ್ರಮ್‌ಗಳಿಗೆ ಇಂಥ ಪಾಲಿಯೆಸ್ಟರ್ ಹಾಳೆ ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂತು. ಅದು ನೀರು ಹೀರುವುದಿಲ್ಲ, ಹಾಗಾಗಿ ಮಳೆಗೂ ಜಗ್ಗದು. ಆದರೆ ತೊಗಲು ಕೀಚು ಸ್ವರಗಳನ್ನು ತನ್ನೊಳಗೇ ಬೇಗ ಅಡಗಿಸಿ ತುಂಬು ದನಿ ಕೊಡುತ್ತದೆ. ಪ್ಲಾಸ್ಟಿಕ್‌ನಲ್ಲಿ ಅವು ಉಳಿದು ಕಿವಿಗೆ ಚುಚ್ಚುತ್ತವೆ.

ಚೌಕಟ್ಟಿನ ಪಾತ್ರ ಸಣ್ಣದು: ಕಬ್ಬಿಣದ ಬಳೆ ತುಸು ಝಣಗುಟ್ಟುತ್ತದೆ, ಕಟ್ಟಿಗೆ ತಣಿಸುತ್ತದೆ.

ಫೈಬರ್ ಅಗ್ಗವಿರಬಹುದು, ದನಿಯಲ್ಲಿ ತೊಗಲಿಗೆ ಸಾಟಿಯಲ್ಲ. ಈ ಹೋಳಿಗೆ ನಿಮ್ಮೂರಿನ ಹಲಗೆ ಕಟ್ಟುವವರಿಂದಲೇ ಒಂದು ಚರ್ಮದ ಹಲಗೆ ಮಾಡಿಸಿಕೊಳ್ಳಿ.